ಕಾಲ್ಚೆಂಡಿನಾಟದ ಆಚಾರ್ಯ ರಹೀಮ್ ಸಾಹೇಬರು

ರಾಜರ ಚರಿತ್ರೆಯನ್ನು ಬರೆಯುವವನಿಗೆ ಶಾಸನಗಳಿವೆ, ನಾಣ್ಯಗಳಿವೆ, ಕೋಟೆಕೊತ್ತಲಗಳಿವೆ. ಕವಿಗಳ ಚರಿತ್ರೆಯನ್ನು ಬರೆಯುವವನಿಗೆ ಅವರ ಕೃತಿಗಳಿವೆ. ಆದರೆ ಉಪಾಧ್ಯಾಯನ ಚರಿತ್ರೆಯನ್ನು ಬರೆಯಹೊರಟವನಿಗೆ ಆಧಾರವೆಲ್ಲಿಯದು? ಕರಿಹಲಗೆಯ ಮೇಲೆ ಅವನು ಬರೆದುದೆಲ್ಲ ಅದೇ ದಿನ ಸಂಜೆಗೆ ಅಳಿಸಿಹೋಗಿರುತ್ತದೆ. ಅವನು ಬಿಟ್ಟುಹೋಗುವ ಶಾಸನವೆಂದರೆ ಅವನ ಶಿಷ್ಯರೇ. ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮೊಳಗೆ ಯಾರು ಹೆಚ್ಚೆಂಬ ವಿವಾದ ಬರುತ್ತದೆ. ಅದರ ತೀರ್ಪಿಗಾಗಿ ಗುರುಗಳು ತಾವೇ ಕುಣಿದು ತೋರಿಸಬೇಕೆಂದು ಯಾರೂ ಕೇಳುವುದಿಲ್ಲ. ಅವರ ಶಿಷ್ಯೆಯರನ್ನು ರಂಗಕ್ಕೆ ಕರೆಸುವ ಏರ್ಪಾಡಾಗುತ್ತದೆ. ತನ್ನಲ್ಲಿ ವಿದ್ಯೆಯಿರುವುದು ಒಂದು, ಅದನ್ನು ಮತ್ತೊಬ್ಬರಲ್ಲಿ ಇಳಿಸಬಲ್ಲ ಶಕ್ತಿ ಇನ್ನೊಂದು; ಎರಡೂ ಕೂಡಿದವನೇ ಆಚಾರ್ಯನೆಂಬುದು ನಮ್ಮ ಹಿರಿಯರ ಮತ.

ಈ ಒರೆಗಲ್ಲಿಗೆ ತಿಕ್ಕಿ ನೋಡಿದಾಗ ಅಪ್ಪಟ ಚಿನ್ನವೆಂದು ತೋರುವ ಒಬ್ಬ ಉಪಾಧ್ಯಾಯರ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅವರ ಹೆಸರು ಸೈಯದ್ ಅಬ್ದುಲ್ ರಹೀಮ್. ಶಿಷ್ಯರ ಬಾಯಲ್ಲಿ ಅವರು ರಹೀಮ್ ಸಾಹೇಬರು. ಅವರು ಕಲಿಸಿದ ವಿದ್ಯೆ ಕಾಲ್ಚೆಂಡಿನಾಟ, ಎಂದರೆ ಫುಟ್‌ಬಾಲ್. ಸಾಹಿತ್ಯದ ಪತ್ರಿಕೆಯಲ್ಲಿ ಚೆಂಡಾಟದ ಮಾತೇಕೆಂದು ಕೆಲವರು ಹುಬ್ಬೇರಿಸಿಯಾರು. ನಾಟ್ಯದ ಗುರುವಿಗೆ ಕಾಳಿದಾಸನು ತನ್ನ ನಾಟಕದಲ್ಲಿ ಸ್ಥಳ ಕೊಟ್ಟಿರುವಾಗ, ಕಾಲ್ಚೆಂಡಿನ ಗುರುವಿಗೆ ನಮ್ಮ ಪತ್ರಿಕೆಯಲ್ಲಿ ನಾಲ್ಕು ಪುಟ ಕೊಟ್ಟರೆ ಸರಸ್ವತಿಯು ಮುನಿಯಲಾರಳು.

ಬೀದರಿನವರಾದ ನಮಗೂ ಹೈದರಾಬಾದಿನ ಈ ಉಪಾಧ್ಯಾಯರಿಗೂ ಏನು ಸಂಬಂಧವೆಂಬುದನ್ನು ಮೊದಲು ಹೇಳಬೇಕು. ಇಂದಿನ ತರುಣರಿಗೆ ಹೈದರಾಬಾದು ಬೇರೊಂದು ರಾಜ್ಯದ ರಾಜಧಾನಿ. ಆದರೆ ರಹೀಮ್ ಸಾಹೇಬರು ಹುಟ್ಟಿ, ಓದಿ, ಆಡಿ, ಕಲಿಸಿದ ಕಾಲದ ಬಹುಭಾಗದಲ್ಲಿ ಬೀದರು, ಭಾಲ್ಕಿ, ಔರಾದ ಇವೆಲ್ಲವೂ ಅದೇ ಹೈದರಾಬಾದ್ ಸಂಸ್ಥಾನದ ಊರುಗಳು. ವಿಕಾರಾಬಾದಿನಿಂದ ಬೀದರು, ಭಾಲ್ಕಿಗಳ ಮೇಲೆ ಹಾಯ್ದು ಪರಳಿಗೆ ಹೋಗುವ ರೈಲುದಾರಿಯು ನಮ್ಮನ್ನು ಆ ನಗರಕ್ಕೆ ಕಟ್ಟಿತ್ತು. ಔರಾದಿನವರಿಗೆ ರೈಲಿಲ್ಲದಿದ್ದರೂ ಅವರ ಕಚೇರಿಯ ಕಾಗದಗಳು, ಪರೀಕ್ಷೆಯ ಪತ್ರಿಕೆಗಳು ಅದೇ ಊರಿನಿಂದ ಬರುತ್ತಿದ್ದುವು. 1948ನೆಯ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ನೆಯ ನವೆಂಬರ್ 1ರಂದು ಅದು ಮೂರು ಹೋಳಾಯಿತು. ನಮ್ಮ ಜಿಲ್ಲೆಯೇ ಆಗ ಮೂರು ಭಾಗವಾದುದನ್ನು ಹಿರಿಯರು ಬಲ್ಲರು. ಬೀದರು, ಭಾಲ್ಕಿ, ಔರಾದ, ಹುಮನಾಬಾದುಗಳು ಮೈಸೂರಿಗೆ ಬಂದುವು. ಉದಗೀರ, ನಿಲಂಗ, ಅಹಮದಪುರಗಳು ಮುಂಬಯಿಗೆ ಹೋದುವು. ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ ಸೇರಿದುವು. ಭಾಷೆಯ ನ್ಯಾಯದಿಂದ ಅದು ಆಗಬೇಕಾದ ಕಾರ್ಯವೇ. ಆದರೆ ಭೂಮಿಯನ್ನು ಹಂಚಿಕೊಳ್ಳುವಾಗ ನೆನಪುಗಳನ್ನೂ ಹಂಚಿಕೊಳ್ಳಬೇಕಾಗುತ್ತದೆಂಬುದನ್ನು ಯಾರೂ ಯೋಚಿಸಲಿಲ್ಲ. ಮೂರು ರಾಜ್ಯಗಳವರೂ ತಮ್ಮ ತಮ್ಮ ಭಾಷೆಯ ಮಹನೀಯರನ್ನು ಆರಿಸಿಕೊಂಡರು. ಮೂವರಿಗೂ ಸಾಧಾರಣವಾಗಿದ್ದ ಕೆಲವರು ಯಾರ ಪಾಲಿಗೂ ಬಾರದೆ ಉಳಿದರು. ರಹೀಮ್ ಸಾಹೇಬರು ನಮ್ಮ ಪಾಲಿಗೆ ಬಾರದೆ ಉಳಿದ ಅಂಥವರಲ್ಲೊಬ್ಬರು.

ಅವರು 1909ನೆಯ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. 1918ರಲ್ಲಿ ಸ್ಥಾಪಿತವಾಗಿ, ಉರ್ದು ಭಾಷೆಯಲ್ಲಿಯೇ ಉಚ್ಚ ಶಿಕ್ಷಣವನ್ನು ಕೊಡುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವೀಧರರಾದರು. ವಿದ್ಯಾರ್ಥಿಯಾಗಿದ್ದಾಗ ವಿಶ್ವವಿದ್ಯಾಲಯದ ತಂಡದಲ್ಲಿ ಕಾಲ್ಚೆಂಡನ್ನಾಡಿದರು. ಬಳಿಕ ನಗರದ ಒಳ್ಳೆಯ ತಂಡಗಳಲ್ಲಿ ಒಂದಾಗಿದ್ದ ಕಮರ್ ಕ್ಲಬ್ಬಿನ ಪರವಾಗಿ ಆಡಿದರು. ಹೊಟ್ಟೆಪಾಡಿಗೆ ಅವರು ಹಿಡಿದುದು ಉಪಾಧ್ಯಾಯ ವೃತ್ತಿ. ಕಾಚಿಗುಡದ ಮಾಧ್ಯಮಿಕ ಶಾಲೆ, ಚಾದರ್‌ಘಾಟಿನ ಪ್ರೌಢಶಾಲೆ ಮೊದಲಾದೆಡೆಗಳಲ್ಲಿ ಪಾಠ ಹೇಳಿದರು. ಕೆಲಕಾಲದ ನಂತರ ಶಾರೀರಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಶಾಲೆಗಳ ಆಟಪಾಟಗಳ ಹೊಣೆಯನ್ನು ಹೊತ್ತರು. ಆಡುವುದರಲ್ಲಿ ಅವರು ಸಮರ್ಥರಾಗಿದ್ದರೆಂಬುದು ನಿಜವಾದರೂ ಆಟಗಾರರಾಗಿಯೇ ನಿಂತಿದ್ದರೆ ಅವರ ಹೆಸರು ಹೈದರಾಬಾದಿನ ಎಲ್ಲೆಯನ್ನು ದಾಟುತ್ತಿರಲಿಲ್ಲ. ತರಗತಿಯಲ್ಲಿ ಪಳಗಿದ ಬುದ್ಧಿಯನ್ನು ಮೈದಾನಕ್ಕೆ ಒಯ್ದುದೇ ಅವರ ವೈಶಿಷ್ಟ್ಯ.

ಆ ಸಂಸ್ಥಾನದಲ್ಲಿ ಉಪಾಧ್ಯಾಯರ ಪಾಡು ಸುಲಭವಾದುದಾಗಿರಲಿಲ್ಲ. ಕನ್ನಡಿಗರಾದ ನಮಗೆ ಅದರ ಒಂದು ಮುಖ ಚೆನ್ನಾಗಿ ಗೊತ್ತು. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಕಥೆಯನ್ನು ಈ ಜಿಲ್ಲೆಯ ಮಕ್ಕಳೂ ಬಲ್ಲರು. ರಾಜಧಾನಿಯಲ್ಲಿ ರಹೀಮ್ ಸಾಹೇಬರ ಎದುರಿಗಿದ್ದ ಅಡಚಣೆ ಭಾಷೆಯದಲ್ಲ, ಬಡತನದ್ದು. ಅವರ ಬಳಿಗೆ ಬರುತ್ತಿದ್ದ ಹುಡುಗರಿಗೆ ಬೂಟುಗಳಿರಲಿಲ್ಲ. ಮೈದಾನಗಳು ಹುಲ್ಲಿಲ್ಲದ ಗಟ್ಟಿ ನೆಲ. ಸಿಕಂದರಾಬಾದಿನ ಬದಿಯ ಅಮ್ಮುಗುಡದ ಬಡ ಹುಡುಗನೊಬ್ಬನ ಆಟವನ್ನು ಕಂಡು ಅವರು ಅಭ್ಯಾಸಕ್ಕೆ ಬಾರೆಂದು ಕರೆದರು. ಅಷ್ಟು ದೂರ ಬರಲು ಹಣವಿಲ್ಲವೆಂದು ಹುಡುಗನು ಹೇಳಿದಾಗ, ಬಾಡಿಗೆ ಸೈಕಲ್ಲಿನ ಏರ್ಪಾಡನ್ನು ತಾವೇ ಮಾಡಿದರು. ಆ ಹುಡುಗನೇ ಮುಂದೆ ಎರಡು ಒಲಿಂಪಿಕ್ ಕೂಟಗಳಿಗೆ ಹೋದ ತುಲಸೀದಾಸ ಬಲರಾಮರು. 2023ರಲ್ಲಿ ತೀರಿಕೊಂಡ ಅವರು ಈ ಸೈಕಲ್ಲಿನ ಸಂಗತಿಯನ್ನು ಮುಪ್ಪಿನಲ್ಲಿಯೂ ಕೃತಜ್ಞತೆಯಿಂದ ಹೇಳಿಕೊಳ್ಳುತ್ತಿದ್ದರು.

1940ರ ದಶಕದ ಮೊದಲ ಭಾಗದಲ್ಲಿ ರಹೀಮ್ ಸಾಹೇಬರು ಹೈದರಾಬಾದಿನ ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾದರು. ಕಾರ್ಯದರ್ಶಿಯೆಂದರೆ ಸಭೆಯ ಟಿಪ್ಪಣಿ ಬರೆಯುವವನೆಂದು ಅವರು ತಿಳಿಯಲಿಲ್ಲ. ಎಳೆಯರ ಪಂದ್ಯಾವಳಿಗಳನ್ನು ಏರ್ಪಡಿಸಿ ಅವುಗಳ ನಿಯಮಗಳನ್ನೇ ಪಾಠವನ್ನಾಗಿ ಮಾಡಿದರು. ನಮ್ಮ ಹುಡುಗರಿಗೆ ಒಂದು ಚಾಳಿಯಿತ್ತು: ಚೆಂಡು ಕಾಲಿಗೆ ಸಿಕ್ಕಿತೆಂದರೆ ಅದನ್ನು ತನ್ನದೇ ಆಸ್ತಿಯೆಂಬಂತೆ ಉರುಳಿಸಿಕೊಂಡು ನಾಲ್ವರನ್ನು ವಂಚಿಸಿ, ಐದನೆಯವನಿಗೆ ಒಪ್ಪಿಸಿಬಿಡುವುದು. ಇದನ್ನು ಬಿಡಿಸಲು ಅವರು ಬೈಯಲಿಲ್ಲ. ಡ್ರಿಬ್ಲಿಂಗ್ ಕೂಡದೆಂಬ ನಿಯಮದ ಪಂದ್ಯಾವಳಿಯನ್ನೇ ನಡೆಸಿದರು. ಅಲ್ಲಿ ಚೆಂಡು ಬಂದೊಡನೆ ಜೊತೆಗಾರನಿಗೆ ದಾಟಿಸದೆ ಗತ್ಯಂತರವಿಲ್ಲ. ಬಲಗಾಲಿನವನಿಗೆ ಎಡಗಾಲು ಮೊಂಡು. ಅದಕ್ಕಾಗಿ ದುರ್ಬಲವಾದ ಕಾಲಿನಿಂದಲೇ ಒದೆಯಬೇಕೆಂಬ ಮತ್ತೊಂದು ಪಂದ್ಯಾವಳಿ. ಕಿರಿದಾದ ಸ್ಥಳದಲ್ಲಿ ಕೆಲವರೇ ಕೂಡಿ ಆಡುವ ಅಭ್ಯಾಸ ಇನ್ನೊಂದು. ದೋಷವನ್ನು ಬೆರಳಿಟ್ಟು ತೋರಿಸುವುದು ಯಾರಿಗೂ ಬರುತ್ತದೆ. ದೋಷವು ತಾನಾಗಿಯೇ ಕಳಚಿಬೀಳುವಂತೆ ಅಭ್ಯಾಸವನ್ನು ಹೊಂದಿಸುವುದು ಉಪಾಧ್ಯಾಯನಿಗೆ ಮಾತ್ರ ಬರುತ್ತದೆ. ಪಾಠಶಾಲೆಯಲ್ಲಿ ರೂಪಾವಳಿಯನ್ನು ಬಾಯಿಪಾಠ ಮಾಡಿದವರಿಗೆ ಇದರ ಮರ್ಮ ತಿಳಿಯದಿರದು: ಎಡವುವ ಶಬ್ದವನ್ನೇ ಗುರುಗಳು ದಿನವೂ ಕೇಳುತ್ತಿದ್ದರು, ಬಂದ ಶಬ್ದವನ್ನಲ್ಲ.

1950ರಿಂದ ಕೊನೆಯ ತನಕ ಅವರ ಪ್ರಯೋಗಶಾಲೆಯಾದುದು ಹೈದರಾಬಾದ್ ನಗರ ಪೊಲೀಸರ ತಂಡ. ಮುಂಬಯಿಯಲ್ಲಿ 1891ರಿಂದ ನಡೆಯುತ್ತಿದ್ದ ರೋವರ್ಸ್ ಕಪ್ಪನ್ನು ಈ ತಂಡವು 1950ರಿಂದ 1954ರ ವರೆಗೆ ಬಿಡದೆ ಐದು ವರ್ಷ ಗೆದ್ದುಕೊಂಡಿತು. ಡ್ಯುರಾಂಡ್ ಕಪ್ಪೂ ಒಂದಕ್ಕಿಂತ ಹೆಚ್ಚು ಬಾರಿ ಅವರ ಕೈಸೇರಿತು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಹೈದರಾಬಾದು 1956–57 ಮತ್ತು 1957–58ರಲ್ಲಿ ಬೆನ್ನುಬೆನ್ನಿಗೆ ಗೆದ್ದಿತು. ಹಿಂದೂಸ್ಥಾನದಲ್ಲಿ ಕಾಲ್ಚೆಂಡೆಂದರೆ ಕಲಕತ್ತೆಯೆಂಬ ಮಾತು ಬೇರೂರಿದ್ದ ಕಾಲದಲ್ಲಿ ದಖ್ಖಣದ ಒಂದು ಊರು ಇಷ್ಟನ್ನು ಸಾಧಿಸಿದುದು ಸಣ್ಣ ಸಂಗತಿಯಲ್ಲ.

ಸಂಸ್ಥಾನವು ಭಾರತದಲ್ಲಿ ಸೇರಿ ಎರಡು ವರ್ಷಗಳಾಗಿದ್ದುವಷ್ಟೆ. ಆ ದಿನಗಳ ನೋವು, ಅನುಮಾನಗಳು ನಮ್ಮ ಜಿಲ್ಲೆಯಲ್ಲಿ ಬಲುಕಾಲ ಆರಲಿಲ್ಲವೆಂಬುದು ಎಲ್ಲರಿಗೂ ತಿಳಿದುದೇ. ಅಂಥ ಹೊತ್ತಿನಲ್ಲಿ ಹೈದರಾಬಾದಿನ ಒಬ್ಬ ಮುಸಲ್ಮಾನ ಉಪಾಧ್ಯಾಯರನ್ನು ಕರೆದು ಹೊಸ ಗಣರಾಜ್ಯದ ತಂಡವನ್ನು ಅವರ ಕೈಗೆ ಕೊಟ್ಟರು. ಕೊಟ್ಟವರ ವಿವೇಕವನ್ನೂ ಪಡೆದವರ ಯೋಗ್ಯತೆಯನ್ನೂ ಇಲ್ಲಿ ಒಟ್ಟಿಗೆ ನೆನೆಯಬೇಕು. 1951ನೆಯ ಮಾರ್ಚಿಯಲ್ಲಿ ದೆಹಲಿಯಲ್ಲಿ ಪ್ರಥಮ ಏಷ್ಯನ್ ಕ್ರೀಡಾಕೂಟ ನಡೆಯಿತು. ಅಂತಿಮ ಪಂದ್ಯದಲ್ಲಿ ಇರಾನಿನ ವಿರುದ್ಧ ಮೇವಾಲಾಲರು ಹೊಡೆದ ಒಂದೇ ಗೋಲಿನಿಂದ ಭಾರತವು ಸ್ವರ್ಣಪದಕವನ್ನು ಪಡೆಯಿತು.

ಮರುವರ್ಷವೇ ಆ ಸಂತೋಷಕ್ಕೆ ಮಂಕು ಕವಿಯಿತು. 1952ನೆಯ ಜುಲೈ 15ರಂದು, ಫಿನ್‌ಲೆಂಡ್ ದೇಶದ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ, ಯುಗೋಸ್ಲಾವಿಯಾ ತಂಡವು ನಮ್ಮವರನ್ನು 10–1 ಗೋಲುಗಳಿಂದ ಸೋಲಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಭಾರತದ ಪರವಾದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನರು. ಕನ್ನಡನಾಡಿನವರು ಅದನ್ನು ನೆನಪಿಡಬಹುದು. ಆ ಸೋಲಿನ ಬಳಿಕ ಭಾರತದ ಫುಟ್‌ಬಾಲ್ ಒಕ್ಕೂಟವು ಬೂಟುಗಳನ್ನು ಕಡ್ಡಾಯ ಮಾಡಿತು. ಆದರೆ ಹತ್ತು ಗೋಲುಗಳ ಕಾರಣ ಬರಿಗಾಲೊಂದೇ ಅಲ್ಲವೆಂಬುದನ್ನು ರಹೀಮ್ ಸಾಹೇಬರು ಅರಿತಿದ್ದರು. ಒಬ್ಬೊಬ್ಬನೂ ಬೇರೆಬೇರೆಯಾಗಿ ಚೆನ್ನಾಗಿ ಆಡುವುದಕ್ಕೂ ಹನ್ನೊಂದು ಮಂದಿ ಒಂದೇ ಮನಸ್ಸಿನಿಂದ ಆಡುವುದಕ್ಕೂ ಇರುವ ಅಂತರವೇ ಆ ಅಂಕಿಗಳಲ್ಲಿ ಕಂಡಿತ್ತು. ಅದನ್ನು ತುಂಬುವ ಕೆಲಸಕ್ಕೆ ಅವರು ಕೈಹಾಕಿದರು.

ಆ ಕಾಲದಲ್ಲಿ ಕಾಲ್ಚೆಂಡಿನ ಹೊಸ ವಿದ್ಯೆ ಹಂಗೆರಿ ದೇಶದಲ್ಲಿ ಹುಟ್ಟುತ್ತಿತ್ತು. 1953ನೆಯ ನವೆಂಬರಿನಲ್ಲಿ ಹಂಗೆರಿಯವರು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿಯೇ ಇಂಗ್ಲೆಂಡನ್ನು 6–3ರಿಂದ ಸೋಲಿಸಿದಾಗ ಜಗತ್ತು ಬೆರಗಾಯಿತು. ಎಲ್ಲರಿಗಿಂತ ಮುಂದೆ ನಿಂತು ಗೋಲಿಗೆ ಕಾಯಬೇಕಾದ ಸೆಂಟರ್ ಫಾರ್ವರ್ಡನನ್ನು ಅವರು ಹಿಂದಕ್ಕೆ ಸರಿಸಿ, ಅವನನ್ನು ಕಾಯುವವನಿಗೆ ಕಾಯಲು ಯಾರೂ ಇಲ್ಲದಂತೆ ಮಾಡಿದ್ದರು. ಈ ಬಗೆಯ ವಿಚಾರಗಳನ್ನು ರಹೀಮ್ ಸಾಹೇಬರು ಬೇಗನೆ ಗ್ರಹಿಸಿ ನಮ್ಮ ಆಟಗಾರರಿಗೆ ಹೊಂದಿಸಿದರು. ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ನಿಲ್ಲುವ ಕ್ರಮವನ್ನು ಕಲಿಸಿದರು. 1958ರಲ್ಲಿ ಬ್ರೆಜಿಲ್ ದೇಶವು ಇದೇ ಕ್ರಮದಿಂದ ವಿಶ್ವಕಪ್ಪನ್ನು ಗೆದ್ದಿತು. ಬ್ರೆಜಿಲಿನವರು ನಮ್ಮಿಂದ ಕಲಿತರೆಂದು ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಚರಿತ್ರೆಯ ದೃಷ್ಟಿಯಿಂದ ಅದು ಅತಿಶಯೋಕ್ತಿ. ಹಂಗೆರಿಯ ಗುರುಗಳು ಬ್ರೆಜಿಲಿಗೇ ಹೋಗಿ ಕಲಿಸಿದ್ದರು. ಒಂದೇ ಬಾವಿಯ ನೀರನ್ನು ಇಬ್ಬರು ಸೇದಿಕೊಂಡರೆನ್ನುವುದೇ ಸರಿ. ಬ್ರೆಜಿಲಿನ ವಿಜಯಕ್ಕೆ ಮೊದಲೇ ಹೈದರಾಬಾದಿನ ಒಬ್ಬ ಶಾಲಾಮಾಸ್ತರರು ಆ ಬಾವಿಗೆ ಹಗ್ಗವನ್ನಿಳಿಸಿದ್ದರೆಂಬುದೇ ಸಾಕಷ್ಟು ದೊಡ್ಡ ಮಾತು; ಅದಕ್ಕೆ ಬಣ್ಣ ಹಚ್ಚಬೇಕಾಗಿಲ್ಲ.

ಹೆಲ್ಸಿಂಕಿಯ ಸೋಲಿನಿಂದ ಕಲಿತುದೇನೆಂಬುದು 1956ರಲ್ಲಿ ಪರೀಕ್ಷೆಗೆ ಬಂದಿತು. ಆ ವರ್ಷದ ಒಲಿಂಪಿಕ್ ಕೂಟ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ. ಈ ನಗರಕ್ಕೆ ಕಾಲ್ಚೆಂಡೆಂದರೆ ಬೇರೆಯೇ ಒಂದು ಆಟ. 1859ರಲ್ಲಿ ಅಲ್ಲಿಯೇ ನಿಯಮಗಳು ಬರೆಯಲ್ಪಟ್ಟ ಆ ಸ್ವದೇಶೀ ಆಟದಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಒಂದೊಂದು ಪಕ್ಷಕ್ಕೆ ಹದಿನೆಂಟು ಮಂದಿ. ಕೈಯಿಂದ ಹಿಡಿಯುವುದಕ್ಕೂ ಅಪ್ಪಣೆಯುಂಟು. ಮೈದಾನದ ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು. ಅಲ್ಲಿನ ಊರೂರಿನ ಹುಡುಗರೂ ಅದರಲ್ಲಿಯೇ ಬೆಳೆಯುತ್ತಾರೆ. ನಮ್ಮವರು ಆಡುವ ದುಂಡುಚೆಂಡಿನ ಆಟ ಅವರಿಗೆ ಆಗ ವಲಸೆ ಬಂದವರ ಆಟವಾಗಿತ್ತು.

ಡಿಸೆಂಬರ್ 1ರಂದು ಭಾರತಕ್ಕೂ ಆಸ್ಟ್ರೇಲಿಯಕ್ಕೂ ಪಂದ್ಯ. ಹೈದರಾಬಾದ್ ರಾಜ್ಯವು ಭೂಪಟದಿಂದ ಅಳಿಸಿಹೋಗಿ ಅಂದಿಗೆ ಸರಿಯಾಗಿ ಒಂದು ತಿಂಗಳಾಗಿತ್ತು. ರಾಜ್ಯವಿಲ್ಲದಿದ್ದರೂ ರಾಜ್ಯದ ಆಟಗಾರರಿದ್ದರು. ಗೋಲನ್ನು ಕಾಯುವ ಪೀಟರ್ ತಂಗರಾಜ್, ಬ್ಯಾಕ್ ಅಜೀಜುದ್ದೀನ್, ನೂರ್ ಮಹಮ್ಮದ್, ಬಲರಾಮ್ ಮೊದಲಾದವರು ಆ ತಂಡದಲ್ಲಿದ್ದ ಹೈದರಾಬಾದಿಗರು. ಮೈಸೂರಿನ ಕೆಂಪಯ್ಯನವರೂ ಅದೇ ತಂಡದಲ್ಲಿದ್ದರು. ನಾಯಕರು ವಂಗದ ಸಮರ್ ಬ್ಯಾನರ್ಜಿ. ಮುಂಬಯಿಯ ನೆವಿಲ್ ಡಿಸೋಜರು ಅಂದು ಮೂರು ಗೋಲುಗಳನ್ನು ಹೊಡೆದರು; ಕೃಷ್ಣಸ್ವಾಮಿಯವರು ನಾಲ್ಕನೆಯದನ್ನು ಸೇರಿಸಿದರು. ಆತಿಥೇಯರು ಎರಡೇ ಗೋಲುಗಳಿಂದ ತೃಪ್ತರಾಗಬೇಕಾಯಿತು. ಕೂಟ ಮುಗಿದ ಮೇಲೆ ಸಿಡ್ನಿ ನಗರದಲ್ಲಿ ಅದೇ ಆಸ್ಟ್ರೇಲಿಯದವರೊಡನೆ ನಡೆದ ಸ್ನೇಹಪಂದ್ಯವನ್ನು ನಮ್ಮವರು 7–1ರಿಂದ ಗೆದ್ದರೆಂದಮೇಲೆ, ಮೊದಲಿನ ಗೆಲವು ಅದೃಷ್ಟದ್ದೆಂದು ಹೇಳುವವರ ಬಾಯಿ ಮುಚ್ಚಿತು.

ಡಿಸೆಂಬರ್ 4ರಂದು ಉಪಾಂತ್ಯ ಪಂದ್ಯ. ಎದುರಾಳಿ ಮತ್ತೆ ಅದೇ ಯುಗೋಸ್ಲಾವಿಯಾ. ವಾಚಕರು ಈ ಎರಡು ಪಂದ್ಯಗಳನ್ನು ಜೊತೆಗಿಟ್ಟು ನೋಡಬೇಕೆಂದು ಕೋರುತ್ತೇನೆ. ಗುರುವಿನ ತೂಕ ತಿಳಿಯುವುದು ಇಲ್ಲಿಯೇ. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲುಗಳನ್ನು ಹೊಡೆದವರು ಈ ಸಲ ಮೊದಲರ್ಧದಲ್ಲಿ ಒಂದನ್ನೂ ಹೊಡೆಯಲಾರದೆ ಹೋದರು. ವಿರಾಮದ ಬಳಿಕ ಮೊದಲ ಗೋಲನ್ನು ಹೊಡೆದವರು ನಮ್ಮ ನೆವಿಲ್ ಡಿಸೋಜರೇ. ಕೆಲವು ನಿಮಿಷಗಳ ಕಾಲ ಭಾರತವು ಒಲಿಂಪಿಕ್ ಅಂತಿಮ ಪಂದ್ಯದ ಹೊಸ್ತಿಲಲ್ಲಿ ನಿಂತಿತ್ತು. ಆಮೇಲೆ ಎದುರಾಳಿಗಳ ಶಕ್ತಿಯು ಮೇಲಾಗಿ ಪಂದ್ಯ 4–1ರಲ್ಲಿ ಮುಗಿಯಿತು. ಸೋಲು ಸೋಲೇ. ಆದರೆ 10–1ಕ್ಕೂ 4–1ಕ್ಕೂ ನಡುವೆ ಇರುವುದು ಆರು ಗೋಲುಗಳಲ್ಲ. ನಾಲ್ಕು ವರ್ಷಗಳ ಪಾಠ.

ಡಿಸೆಂಬರ್ 7ರಂದು ಮೂರನೆಯ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲಿ ಬಲ್ಗೇರಿಯವು ನಮ್ಮನ್ನು 3–0ರಿಂದ ಸೋಲಿಸಿತು. ಅದೇ ದಿನ, ಮೆಲ್ಬರ್ನಿನ ಅದೇ ದೊಡ್ಡ ಕ್ರಿಕೆಟ್ ಮೈದಾನದಲ್ಲಿ, ಆಸ್ಟ್ರೇಲಿಯದವರು ತಮ್ಮ ಮೊಟ್ಟೆಚೆಂಡಿನ ಆಟವನ್ನು ಜಗತ್ತಿಗೆ ಪರಿಚಯಿಸಲೆಂದು ಒಂದು ಪ್ರದರ್ಶನ ಪಂದ್ಯವನ್ನಾಡಿದರು. ಆ ದೇಶದವರು ತಮ್ಮ ಆ ಆಟದ ಹಳೆಯ ಗುರುಗಳ ಮೂರ್ತಿಗಳನ್ನು ನಿಲ್ಲಿಸುತ್ತಾರೆ, ಚರಿತ್ರೆಗಳನ್ನು ಬರೆಯುತ್ತಾರೆ, ಪಂದ್ಯದ ಒಂದೊಂದು ಅಂಕಿಯನ್ನೂ ಕಾಪಾಡುತ್ತಾರೆ. ಅಂದು ಅದೇ ಮೈದಾನದಲ್ಲಿ ನಮ್ಮ ತಂಡಕ್ಕೆ ಒಲಿಂಪಿಕ್ ನಾಲ್ಕನೆಯ ಸ್ಥಾನವನ್ನು ಗಳಿಸಿಕೊಟ್ಟ ಗುರುವಿಗೆ ನಾವು ಮಾಡಿದುದೇನು? ಇಂದಿಗೂ ಒಲಿಂಪಿಕ್ ಕಾಲ್ಚೆಂಡಿನಲ್ಲಿ ಭಾರತವು ಪಡೆದ ಅತ್ಯುಚ್ಚ ಸ್ಥಾನ ಅದೇ. ನೆವಿಲ್ ಡಿಸೋಜರು ನಾಲ್ಕು ಗೋಲುಗಳೊಡನೆ ಆ ಕೂಟದಲ್ಲಿ ಅತ್ಯಧಿಕ ಗೋಲು ಹೊಡೆದವರ ಸಾಲಿನಲ್ಲಿ ನಿಂತರು.

1960ರ ರೋಮ್ ಒಲಿಂಪಿಕ್ಕಿನಲ್ಲಿ ಪ್ರದೀಪ್ ಕುಮಾರ್ ಬ್ಯಾನರ್ಜಿಯವರು ನಾಯಕರು. ಆ ಕೂಟದಲ್ಲಿ ಕಂಚನ್ನು ಪಡೆದ ಹಂಗೆರಿಯೊಡನೆ ನಮ್ಮವರು 2–1ರಿಂದ ಸೋತರು; ಫ್ರಾನ್ಸಿನೊಡನೆ 1–1ರಿಂದ ಸಮನಾದರು; ಪೆರು ದೇಶದೊಡನೆ 3–1ರಿಂದ ಸೋತರು. ಹಂಗೆರಿ ಮತ್ತು ಪೆರುಗಳ ವಿರುದ್ಧ ಗೋಲು ಹೊಡೆದವರು ಬಾಡಿಗೆ ಸೈಕಲ್ಲಿನ ಬಲರಾಮರೇ. ಇಲ್ಲಿ ಒಂದು ಸಣ್ಣ ಸಂಗತಿಯನ್ನು ಬಿಡಲಾಗದು. ರಹೀಮ್ ಸಾಹೇಬರ ಮಗ ಸೈಯದ್ ಶಾಹಿದ್ ಹಕೀಮರು ಆ ತಂಡದಲ್ಲಿದ್ದರು. ಆದರೆ ಒಂದು ಪಂದ್ಯದಲ್ಲಿಯೂ ಮೈದಾನಕ್ಕೆ ಇಳಿಯಲಿಲ್ಲ. ಸ್ವಂತ ಮಗನು ಕುಳಿತಿದ್ದ ತರಗತಿಯಲ್ಲಿ ಪಾಠ ಹೇಳಿದ ಉಪಾಧ್ಯಾಯರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮಗನು ಮುಂದೆ ವಾಯುಸೇನೆಯಲ್ಲಿ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ರೆಫರಿಯಾಗಿ, ಧ್ಯಾನಚಂದ್ ಪ್ರಶಸ್ತಿಯನ್ನು ಪಡೆದು 2021ರಲ್ಲಿ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನಿಧನ ಹೊಂದಿದರು.

ಇನ್ನು ಕೊನೆಯ ಅಧ್ಯಾಯ. 1962ನೆಯ ಆಗಸ್ಟ್–ಸೆಪ್ಟೆಂಬರಿನಲ್ಲಿ ಇಂಡೊನೇಷಿಯದ ಜಕಾರ್ತದಲ್ಲಿ ನಾಲ್ಕನೆಯ ಏಷ್ಯನ್ ಕ್ರೀಡಾಕೂಟ. ರಹೀಮ್ ಸಾಹೇಬರ ದೇಹವನ್ನು ಆಗಲೇ ಅರ್ಬುದ ರೋಗವು ಹಿಡಿದಿತ್ತು. ನಾಯಕರು ಚುನಿ ಗೋಸ್ವಾಮಿ. ಮೊದಲನೆಯ ಪಂದ್ಯದಲ್ಲಿಯೇ ದಕ್ಷಿಣ ಕೊರಿಯವು ನಮ್ಮವರನ್ನು 2–0ರಿಂದ ಸೋಲಿಸಿತು. ಬಳಿಕ ಥಾಯ್ಲೆಂಡನ್ನು 4–1ರಿಂದಲೂ ಜಪಾನನ್ನು 2–0ಯಿಂದಲೂ ಗೆದ್ದರು. ಥಾಯ್ಲೆಂಡಿನ ಪಂದ್ಯದಲ್ಲಿ ಹಿಂಭಾಗದ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಗಾಯಗೊಂಡವನನ್ನು ಹಿಂಭಾಗದಲ್ಲಿ ನಿಲ್ಲಿಸುವುದು ಕಷ್ಟ. ಬಿಟ್ಟುಬಿಡುವುದು ಇನ್ನೂ ಕಷ್ಟ. ರಹೀಮ್ ಸಾಹೇಬರು ಅವರನ್ನು ಎಲ್ಲರಿಗಿಂತ ಮುಂದೆ, ಸೆಂಟರ್ ಫಾರ್ವರ್ಡಾಗಿ ಆಡಿಸಿದರು. ಹಿಂದೆ ನಿಂತು ಗೋಲುಗಳನ್ನು ತಡೆಯುವವನ ಮೈಯಲ್ಲಿ ಗೋಲು ಹೊಡೆಯುವ ಶಕ್ತಿಯೂ ಇದೆಯೆಂಬುದನ್ನು ಅವರು ಕಂಡಿದ್ದರು. ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮನ್ನು 3–2ರಿಂದ ದಾಟಿ ತಂಡವು ಅಂತಿಮ ಪಂದ್ಯವನ್ನು ಮುಟ್ಟಿತು.

ಆಗ ಜಕಾರ್ತದಲ್ಲಿ ಭಾರತದ ಹೆಸರು ಹೇಳುವಂತಿರಲಿಲ್ಲ. ಇಂಡೊನೇಷಿಯದ ಸರಕಾರವು ಇಸ್ರೇಲ್ ಮತ್ತು ತೈವಾನುಗಳಿಗೆ ಕೂಟದಲ್ಲಿ ಪ್ರವೇಶ ಕೊಟ್ಟಿರಲಿಲ್ಲ. ಏಷ್ಯನ್ ಕ್ರೀಡಾ ಒಕ್ಕೂಟದಲ್ಲಿದ್ದ ಭಾರತದ ಗುರುದತ್ತ ಸೋಂಧಿಯವರು ಅದನ್ನು ಆಕ್ಷೇಪಿಸಿದರು. ಜನ ಕೆರಳಿ ನಮ್ಮ ರಾಯಭಾರಿ ಕಚೇರಿಯ ಮೇಲೆ ದಾಳಿ ಮಾಡಿದರು. ಸೆಪ್ಟೆಂಬರ್ 4ರಂದು ಸೆನಯಾನ್ ಕ್ರೀಡಾಂಗಣದಲ್ಲಿ ತುಂಬಿದ್ದ ಜನಸಾಗರವೆಲ್ಲ ನಮ್ಮವರ ವಿರುದ್ಧ ಕೂಗುತ್ತಿತ್ತು. ಎದುರಿಗೆ ಮೊದಲ ಪಂದ್ಯದಲ್ಲಿ ನಮ್ಮನ್ನು ಸೋಲಿಸಿದ್ದ ಅದೇ ದಕ್ಷಿಣ ಕೊರಿಯ. ಪಂದ್ಯದ ಮುನ್ನಾದಿನ ರಹೀಮ್ ಸಾಹೇಬರು ಶಿಷ್ಯರನ್ನು ಕೂಡಿಸಿ, ತಮಗೆ ಚಿನ್ನವನ್ನು ಕಾಣಿಕೆಯಾಗಿ ಕೊಡಬೇಕೆಂದು ಬೇಡಿದರೆಂದು ಆ ಆಟಗಾರರು ಬಲುಕಾಲದ ನಂತರವೂ ಹೇಳುತ್ತಿದ್ದರು. ಬೇಡಿದುದು ಅವರಿಗೆ ದೊರೆಯಿತು. ಮೊದಲ ಇಪ್ಪತ್ತು ನಿಮಿಷಗಳಲ್ಲಿ ಪ್ರದೀಪ್ ಕುಮಾರ್ ಬ್ಯಾನರ್ಜಿ ಒಂದು ಗೋಲನ್ನೂ, ತಲೆಗೆ ಹೊಲಿಗೆ ಬಿದ್ದಿದ್ದ ಜರ್ನೈಲ್ ಸಿಂಗರು ಇನ್ನೊಂದನ್ನೂ ಹೊಡೆದರು. ಕೊರಿಯದವರು ಕೊನೆಗೆ ಒಂದನ್ನು ಹಿಂತಿರುಗಿಸಿದರೂ ಪಂದ್ಯ 2–1ರಲ್ಲಿ ನಮ್ಮದಾಯಿತು. ಏಷ್ಯನ್ ಕೂಟದ ಕಾಲ್ಚೆಂಡಿನಲ್ಲಿ ಭಾರತಕ್ಕೆ ದೊರೆತ ಎರಡನೆಯ ಸ್ವರ್ಣವದು. ಮೂರನೆಯದು ಇದುವರೆಗೆ ಬಂದಿಲ್ಲ.

ಅಲ್ಲಿಂದ ಒಂಬತ್ತು ತಿಂಗಳಿಗೆ, 1963ನೆಯ ಜೂನ್ 11ರಂದು, ರಹೀಮ್ ಸಾಹೇಬರು ಹೈದರಾಬಾದಿನಲ್ಲಿ ಕಾಲವಾದರು. ವಯಸ್ಸು ಐವತ್ತಮೂರು. ಶ್ರೇಷ್ಠ ತರಬೇತುದಾರರಿಗೆಂದು ಭಾರತ ಸರಕಾರವು ದ್ರೋಣಾಚಾರ್ಯರ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿದುದು 1985ರಲ್ಲಿ; ಆಗ ಅವರು ತೀರಿಕೊಂಡು ಇಪ್ಪತ್ತೆರಡು ವರ್ಷಗಳಾಗಿದ್ದುವು. 2024ರಲ್ಲಿ ‘ಮೈದಾನ್’ ಎಂಬ ಹಿಂದೀ ಚಲಚ್ಚಿತ್ರವು ಅವರ ಕಥೆಯನ್ನು ತೆರೆಯ ಮೇಲೆ ತಂದ ಮೇಲೆಯೇ ನಮ್ಮ ಅನೇಕ ಮನೆಗಳಲ್ಲಿ ಆ ಹೆಸರು ಮೊದಲು ಕೇಳಿಬಂದಿತು. ಅರುವತ್ತು ವರ್ಷಗಳ ಮರೆವನ್ನು ಒಂದು ಚಿತ್ರವು ಹರಿಸಿತೆಂಬುದು ಸಂತೋಷ. ಅದಕ್ಕೆ ಚಿತ್ರವೇ ಬೇಕಾಯಿತೆಂಬುದು ವಿಷಾದ.

ಅವರ ನಂತರ ಏನಾಯಿತೆಂಬುದು ಈ ಚರಿತ್ರೆಯ ಕಹಿಯಾದ ಭಾಗ. 1960ರ ಬಳಿಕ ಭಾರತದ ಕಾಲ್ಚೆಂಡಿನ ತಂಡವು ಒಲಿಂಪಿಕ್ ಕೂಟವನ್ನು ಪ್ರವೇಶಿಸಿಯೇ ಇಲ್ಲ. 1964ರ ಏಷ್ಯನ್ ಕಪ್ಪಿನಲ್ಲಿ ಎರಡನೆಯ ಸ್ಥಾನ, 1970ರ ಬ್ಯಾಂಕಾಕ್ ಕೂಟದಲ್ಲಿ ಕಂಚು, ಇವು ಹಳೆಯ ಪಾಠದ ಬಲದಿಂದ ಬಂದುವು, ಆಮೇಲೆ ಇಳಿತವೇ. ಹೈದರಾಬಾದು ಕೂಡ ತನ್ನ ಹಿಂದಿನ ಸ್ಥಾನವನ್ನು ಉಳಿಸಿಕೊಳ್ಳಲಿಲ್ಲ. ಇದಕ್ಕೆ ಕಾರಣಗಳು ಹಲವು; ಉಳಿದ ದೇಶಗಳು ಮುಂದುವರಿದುವು, ಕ್ರಿಕೆಟ್ಟು ಜನರ ಮನಸ್ಸನ್ನು ಸೆಳೆಯಿತು. ಆದರೆ ಒಂದು ಕಾರಣವು ಉಪಾಧ್ಯಾಯನಾದ ನನ್ನ ಕಣ್ಣಿಗೆ ಎದ್ದುಕಾಣುತ್ತದೆ. ರಹೀಮ್ ಸಾಹೇಬರು ಶಿಷ್ಯರನ್ನು ತಯಾರಿಸಿದರು. ಶಿಷ್ಯರನ್ನು ತಯಾರಿಸುವವರನ್ನು ತಯಾರಿಸುವ ಶಾಲೆಯನ್ನು ಅವರಿಗೆ ಯಾರೂ ಕಟ್ಟಿಕೊಡಲಿಲ್ಲ. ಅವರ ಎಡಗಾಲಿನ ಪಂದ್ಯಾವಳಿ, ಡ್ರಿಬ್ಲಿಂಗ್ ಇಲ್ಲದ ಪಂದ್ಯಾವಳಿಗಳು ದೇಶದ ಶಾಲೆಗಳಲ್ಲೆಲ್ಲ ಹಬ್ಬಬೇಕಾಗಿದ್ದುವು. ಅವು ಒಬ್ಬ ವ್ಯಕ್ತಿಯ ನೆನಪಾಗಿ ಉಳಿದುವು. ಪ್ರದೀಪ್ ಕುಮಾರ್ ಬ್ಯಾನರ್ಜಿಯಂಥ ಕೆಲವರು ತಾವೇ ಗುರುಗಳಾಗಿ ಆ ಪರಂಪರೆಯನ್ನು ಒಂದು ತಲೆಮಾರು ಮುಂದೊಯ್ದರು. ಅವರೂ 2020ರಲ್ಲಿ ತೀರಿಕೊಂಡರು.

ನಮ್ಮ ಬೀದರಿನಲ್ಲಿ ಇದಕ್ಕೊಂದು ಹಳೆಯ ದೃಷ್ಟಾಂತವಿದೆ. ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸವನ್ನು ನೋಡಲು ಇಂದಿಗೂ ದೂರದೂರದಿಂದ ಜನ ಬರುತ್ತಾರೆ. ಅಲ್ಲಿ ಕಟ್ಟಡ ಉಳಿಯಿತು, ಪಾಠ ನಿಂತಿತು. ರಹೀಮ್ ಸಾಹೇಬರ ವಿಷಯದಲ್ಲಿ ಪಾಠವಿತ್ತು, ಕಟ್ಟಡವಿರಲಿಲ್ಲ. ಆದ್ದರಿಂದ ಎರಡೂ ಉಳಿಯಲಿಲ್ಲ. ವಿದ್ಯೆಗೆ ಗುರುವೂ ಬೇಕು, ಗುರುವಿನ ಕಾಲಾನಂತರ ನಿಲ್ಲುವ ಏರ್ಪಾಡೂ ಬೇಕು. ಒಂದನ್ನು ಬಿಟ್ಟು ಒಂದು ಬಹುಕಾಲ ಬಾಳಲಾರದು.

2019ರಲ್ಲಿ ನಮ್ಮ ಸೀಮೆಗೆ ‘ಹೈದರಾಬಾದ್ ಕರ್ನಾಟಕ’ವೆಂಬ ಹೆಸರು ಹೋಗಿ ‘ಕಲ್ಯಾಣ ಕರ್ನಾಟಕ’ವೆಂಬ ಹೆಸರು ಬಂದಿತು. ಹೆಸರು ಚೆನ್ನಾಗಿದೆ, ಅದರ ಹಿಂದಿನ ಭಾವನೆ ಇನ್ನೂ ಚೆನ್ನಾಗಿದೆ. ಹಳೆಯ ಹೆಸರಿನೊಡನೆ ಹಳೆಯ ಸಂಸ್ಥಾನದ ಕಷ್ಟಗಳು ಮರೆತುಹೋದರೆ ಯಾರೂ ಅಳಬೇಕಾಗಿಲ್ಲ. ಆದರೆ ಆ ಸಂಸ್ಥಾನದಲ್ಲಿ ನಮ್ಮ ಹಿರಿಯರ ಜೊತೆಗೆ ಬಾಳಿದ ಒಳ್ಳೆಯವರೂ ಅದರೊಡನೆ ಮರೆತುಹೋಗಬಾರದು. ಭಾಲ್ಕಿಯ ಪಟ್ಟದ್ದೇವರನ್ನು ನಾವು ಗುರುವೆಂದು ನೆನೆಯುವ ಹೃದಯದಲ್ಲಿ ಚಾದರ್‌ಘಾಟಿನ ಮಾಸ್ತರರಿಗೂ ಸ್ಥಳವಿರಬಾರದೇಕೆ? ಒಬ್ಬರು ಮಕ್ಕಳ ನಾಲಿಗೆಯನ್ನು ತಿದ್ದಿದರು; ಇನ್ನೊಬ್ಬರು ಮಕ್ಕಳ ಕಾಲನ್ನು ತಿದ್ದಿದರು. ಇಬ್ಬರೂ ಇಲ್ಲದುದರಲ್ಲಿಯೇ ಕಲಿಸಿದರು.

ಬೀದರು, ಭಾಲ್ಕಿ, ಔರಾದಗಳ ಶಾಲೆಗಳಲ್ಲಿ ಈಗಲೂ ಸಂಜೆಯ ಹೊತ್ತು ಹುಡುಗರು ಚೆಂಡನ್ನೊದೆಯುತ್ತಾರೆ. ಅವರಲ್ಲಿ ಬಹುಮಂದಿಗೆ ಬೂಟುಗಳು ಇಂದಿಗೂ ದುಬಾರಿಯೇ. ಆಟದ ಅವಧಿಯನ್ನು ಗಣಿತಕ್ಕೋ ಪರೀಕ್ಷೆಯ ತಯಾರಿಗೋ ಕೊಟ್ಟುಬಿಡುವ ರೂಢಿ ನಮ್ಮ ಶಾಲೆಗಳಲ್ಲಿ ಇದೆಯೆಂಬುದನ್ನು ಉಪಾಧ್ಯಾಯರಾದವರು ಬಲ್ಲರು. ಆ ಅವಧಿಯನ್ನು ಅದಕ್ಕೇ ಬಿಟ್ಟು, ತಿಂಗಳಿಗೊಮ್ಮೆಯಾದರೂ ಎಡಗಾಲಿನ ಒಂದು ಪಂದ್ಯವನ್ನು ನಡೆಸಿದರೆ ಖರ್ಚೇನೂ ಇಲ್ಲ. ಒಂದು ಚೆಂಡು, ಒಂದು ಸೀಟಿ ಸಾಕು. ಪಂದ್ಯವನ್ನಾರಂಭಿಸುವ ಮುನ್ನ ಹುಡುಗರಿಗೆ ಆ ಆಟವನ್ನು ಕಂಡುಹಿಡಿದ ಮಾಸ್ತರರ ಹೆಸರನ್ನು ಹೇಳಿದರೆ, ಮೂರು ರಾಜ್ಯಗಳು ಹಂಚಿಕೊಳ್ಳುವಾಗ ಯಾರ ಪಾಲಿಗೂ ಬಾರದಿದ್ದ ಒಂದು ನೆನಪು ನಮ್ಮ ಪಾಲಿಗೆ ಬಂದಂತಾಗುವುದು.